ಬೆನ್ನಿಗೆ ಬೆಳಕಿಲ್ಲ, ಪುಸ್ತಕದಲ್ಲಿ ಕನ್ನಡವಿಲ್ಲ!



ಮನೆಯ ಮೇಲೆ ಎರಡು ಮುಖದ ಸೋಲಾರ್ ಪ್ಯಾನೆಲ್ ಕೂರಿಸುತ್ತೇವೆಂದು ಯಾರಾದರೂ ಬಂದರೆ ಮೊದಲು ಒಂದು ಮಾತು ಕೇಳಿ: "ಅದರ ಬೆನ್ನಿಗೆ ಬೆಳಕು ಎಲ್ಲಿಂದ ಬರುತ್ತದಪ್ಪಾ?" ಉತ್ತರಕ್ಕೆ ತಡವರಿಸಿದರೆ ಹಣ ಕೊಡಬೇಡಿ.

ಈ ಪ್ಯಾನೆಲ್ಲಿನ ಮೇಲ್ಮುಖಕ್ಕೆ ನೇರ ಬಿಸಿಲು. ಬೆನ್ನಿಗೆ ಮುಖ್ಯವಾಗಿ ಸಿಗುವುದು ನೆಲಕ್ಕೆ ಬಿದ್ದು ತಿರುಗಿ ಬರುವ ಬೆಳಕು. ಶೀಟಿನ ಮಾಡಿಗೆ ನಾಲ್ಕು ಬೆರಳು ಸಂದಿ ಬಿಟ್ಟು ಬಡಿದರೆ ಆ ಬೆನ್ನಿಗೆ ಕತ್ತಲೆಯೇ ಗತಿ! ತಾರಸಿಯಿಂದ ಮೂರಡಿ ಎತ್ತರಿಸಿ, ದಕ್ಷಿಣಕ್ಕೆ ವಾಲಿಸಿ, ಸಾಲುಗಳ ನಡುವೆ ಜಾಗ ಬಿಟ್ಟರೆ ಕಥೆಯೇ ಬೇರೆ. ಹುಲ್ಲು ಸುಮಾರು ಐದರಲ್ಲೊಂದು ಪಾಲು ಬೆಳಕನ್ನು ಹಿಂದಿರುಗಿಸಿದರೆ, ಹೊಸದಾಗಿ ಬಳಿದ ಬಿಳಿ ಬಣ್ಣ ಅರ್ಧಕ್ಕಿಂತ ಹೆಚ್ಚು ಹಿಂದಿರುಗಿಸುತ್ತದೆ. (ಧೂಳು ಕೂತ ಬಿಳಿ ಬಿಳಿಯಲ್ಲ, ನೆನಪಿರಲಿ.) ಕಬ್ಬಿಣದ ಪಟ್ಟಿ ಬೆನ್ನಿಗೆ ಅಡ್ಡ ಹಾಯ್ದರೆ ಆ ನೆರಳೂ ನಷ್ಟವೇ. ಎತ್ತರಿಸಿದಷ್ಟೂ ಗಾಳಿಯ ಹೊಡೆತ ಹೆಚ್ಚು, ಆದ್ದರಿಂದ ಕಾಲುಗಳು ಭದ್ರವಾಗಿರಬೇಕು. ಹೀಗೆ ಕ್ರಮವಾಗಿ ಕೂರಿಸಿದರೆ ಶೇಕಡಾ 5ರಿಂದ 10ರಷ್ಟು ಹೆಚ್ಚು ಕರೆಂಟು ನಿರೀಕ್ಷಿಸಬಹುದು. ಇಲ್ಲವಾದರೆ ಎರಡು ಮುಖಕ್ಕೆ ದುಡ್ಡು ಕೊಟ್ಟು ಒಂದು ಮುಖದ ಕರೆಂಟು!

ಇದು ಗುಟ್ಟಿನ ವಿದ್ಯೆಯೇನಲ್ಲ. ಪೆಟ್ಟಿಗೆಯ ಜೊತೆ ಬರುವ ಪುಸ್ತಕದಲ್ಲೇ ಬರೆದಿರುತ್ತದೆ, ಆದರೆ ಇಂಗ್ಲಿಷಿನಲ್ಲಿ. ಮಾಡಿನ ಮೇಲೆ ನಿಂತು ನಟ್ಟು ಬಿಗಿಯುವ ನಮ್ಮ ಹುಡುಗ ಕನ್ನಡ ಓದಬಲ್ಲ, ಅವನ ಕೈಗೆ ಕನ್ನಡ ಕೊಟ್ಟವರು ಯಾರು? ಅವನನ್ನು ಬೈದು ಪ್ರಯೋಜನವಿಲ್ಲ.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಏನು ಹೇಳುತ್ತದೆ? ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದು. ಸರಿ. ಹೊರಗೆ ತಯಾರಾಗಿ ನಮ್ಮ ತಲೆಯ ಮೇಲೆ ಬಂದು ಕೂರುವ ಮಾಲಿಗೆ? ಈ ಕಿಂಡಿ ಯಾರಿಗಾಗಿ ಬಿಟ್ಟದ್ದು, ಸ್ವಾಮಿ?

ಕನ್ನಡದಲ್ಲಿ ಅಚ್ಚು ಹಾಕಿಸುವುದು ದುಬಾರಿಯಂತೆ! ಪ್ರೆಸ್ಸು ನಡೆಸುವ ನನ್ನ ಮುಂದೆ ಈ ಲೆಕ್ಕ ಬೇಡ. ಒಂದು ಹಾಳೆ, ಎರಡೂ ಬದಿ, ಚಿತ್ರದ ಸಮೇತ ಸಾವಿರಗಟ್ಟಲೆ ಹಾಕಿಸಿದರೆ ಪ್ರತಿಯೊಂದಕ್ಕೆ ಒಂದು ಟೀ ಬೆಲೆಯೂ ಬೀಳದು.

2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ (ಹೆಸರೂ ಹಿಂದಿಯೇ!) ಮನೆಯೊಂದಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಅದು ನಮ್ಮ ತೆರಿಗೆಯ ಹಣ. ಕೂರಿಸುವ ಕ್ರಮವನ್ನು ಕನ್ನಡದಲ್ಲಿ ಕೊಡದ ಮಾರಾಟಗಾರನಿಗೆ ಅನುಮತಿ ಬೇಡವೆಂದು ನಿಮ್ಮ ಎಸ್ಕಾಂ ಕಚೇರಿಗೆ ಇಂದೇ ಅರ್ಜಿ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ.