ಮಂಚದ ಮೇಲಿರುವವರನ್ನೊಮ್ಮೆ ಕೇಳಿ

ಕ್ಯಾನ್ಸರ್ ಹೊಟ್ಟೆಯೆಲ್ಲ ಹರಡಿ ಕರುಳು ಕಟ್ಟಿಕೊಂಡಾಗ ದೆಹಲಿ ಕನ್ನಡಿಗರಾದ ನಾವು ಕೇಳುವುದೊಂದೇ: ಆಪರೇಷನ್ ಯಾವಾಗ? ಧಾರವಾಡದ ಸೋದರಮಾವ ಫೋನಿನಲ್ಲಿ ಒತ್ತಾಯಿಸುತ್ತಾರೆ. ಸಿಜಿಎಚ್‌ಎಸ್ ಕಾರ್ಡಂತೂ ಇದೆ. ಮಂಚದ ಮೇಲಿರುವವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅಡಚಣೆ ಒಂದೇ ಕಡೆಯಿದ್ದು ಮೈಯಲ್ಲಿ ಕಸುವಿದ್ದರೆ ಶಸ್ತ್ರಚಿಕಿತ್ಸೆ ಸರಿಯೇ. ಹಲವೆಡೆ ಕಟ್ಟಿ, ಹೊಟ್ಟೆಯಲ್ಲಿ ನೀರು ತುಂಬಿ ಕೃಶರಾದವರಿಗೆ ಅದು ಉಳಿದ ವಾರಗಳನ್ನೂ ಆಸ್ಪತ್ರೆಗೇ ಒಪ್ಪಿಸುವುದೇ ಹೆಚ್ಚು. ಆಕ್ಟ್ರಿಯೋಟೈಡ್ ವಾಂತಿಯನ್ನು, ಮಾರ್ಫಿನ್ ನೋವನ್ನು ತಗ್ಗಿಸಬಲ್ಲವು. ಏಮ್ಸ್‌ನಲ್ಲಿ ಉಪಶಮನ ಚಿಕಿತ್ಸೆಗೆ ವಿಭಾಗವೇ ಇದೆ. ಇದನ್ನು ‘ಕೈಬಿಡುವುದು’ ಎನ್ನುವವರೊಡನೆ ನಮ್ಮ ಜಗಳ.

2018ರಲ್ಲಿ ಘನತೆಯ ಮರಣದ ಹಕ್ಕನ್ನು ಒಪ್ಪಿದ ಸುಪ್ರೀಂ ಕೋರ್ಟು 2023ರಲ್ಲಿ ಮುಂಗಡ ಇಚ್ಛಾಪತ್ರದ ನಿಯಮಗಳನ್ನು ಸರಳಗೊಳಿಸಿತು: ಮ್ಯಾಜಿಸ್ಟ್ರೇಟರು ಬೇಡ, ಇಬ್ಬರು ಸಾಕ್ಷಿಗಳೆದುರು ಗೆಜೆಟೆಡ್ ಅಧಿಕಾರಿ ದೃಢೀಕರಿಸಿದರೆ ಸಾಕು. ನೆರೆಮನೆಯ ಹುಡುಗನ ಅಂಕಪಟ್ಟಿಗೆ ಮೊಹರು ಒತ್ತಿಕೊಡುವ ನಾವು ನಮ್ಮವರಲ್ಲಿ ಒಬ್ಬರಿಂದಲೂ ಈ ಕಾಗದ ಬರೆಸಿಲ್ಲ.