ಇನ್‌ಚಾರ್ಜ್ ಸಿಸ್ಟರ್ ಎಲ್ಲಿ ನಿಲ್ಲಬೇಕು?

ಐರ್ಲೆಂಡಿನಲ್ಲಿ ಹಾಸಿಗೆ ಸಿಗದೆ ಟ್ರಾಲಿಯ ಮೇಲೆ ಕಾಯುವ ರೋಗಿಗಳ ಲೆಕ್ಕವನ್ನು ಅಲ್ಲಿನ ನರ್ಸುಗಳ ಸಂಘ ಐಎನ್‌ಎಂಒ ಇಡುತ್ತದೆ. 2023ರ ಜನವರಿ 3ರಂದು ಆ ಲೆಕ್ಕ 931ಕ್ಕೆ ಮುಟ್ಟಿತು. ಅಲ್ಲಿಯವರೆಗೆ ಅಷ್ಟು ಎಂದೂ ಆಗಿರಲಿಲ್ಲ. ಇಂಥ ದಿನಗಳಲ್ಲಿ ತುರ್ತು ಚಿಕಿತ್ಸಾ ವಿಭಾಗದ ಶಿಫ್ಟನ್ನು ನಡೆಸುವವರು ಕ್ಲಿನಿಕಲ್ ನರ್ಸ್ ಮ್ಯಾನೇಜರ್, ನಮ್ಮ ಕಡೆಯ ಇನ್‌ಚಾರ್ಜ್ ಸಿಸ್ಟರ್. ಅವರ ಒತ್ತಡದ ಪ್ರಸ್ತಾಪ ಬಂದರೆ ಮಾತು ಬೇಗ ಧ್ಯಾನ, ಕೌನ್ಸೆಲಿಂಗ್‌ಗಳ ಕಡೆ ಹೊರಳುತ್ತದೆ. ಅವೂ ಬೇಕು. ಮಗುವೊಂದು ತೀರಿಕೊಂಡ ರಾತ್ರಿ ತಂಡವನ್ನು ಹತ್ತು ನಿಮಿಷ ಕೂರಿಸಿ ಮಾತಾಡಿಸುವುದರಿಂದ ಆಗುವ ಉಪಕಾರ ಸಣ್ಣದಲ್ಲ. ಆದರೆ ಒತ್ತಡದ ಬೇರು ಇರುವುದು ಇನ್ನೊಂದು ಪ್ರಶ್ನೆಯಲ್ಲಿ. ಈ ಸಿಸ್ಟರ್ ತಾವೂ ಒಂದಷ್ಟು ರೋಗಿಗಳನ್ನು ವಹಿಸಿಕೊಳ್ಳಬೇಕೇ, ಅಥವಾ ಯಾರನ್ನೂ ವಹಿಸಿಕೊಳ್ಳದೆ ಇಡೀ ವಿಭಾಗದ ಮೇಲೆ ಕಣ್ಣಿಡಬೇಕೇ?

ವಹಿಸಿಕೊಳ್ಳಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಕಾರಿಡಾರಿನ ಟ್ರಾಲಿಯಲ್ಲಿ ಮಲಗಿದ ಅಜ್ಜಿ ಶೌಚಾಲಯಕ್ಕೆ ಹೋಗಬೇಕೆಂದು ಎರಡು ಸಲ ಕರೆದಿದ್ದಾರೆ, ಡ್ರಿಪ್ ಮುಗಿದು ಯಂತ್ರ ಕೂಗುತ್ತಿದೆ, ಹೊಸದಾಗಿ ಸೇರಿದ ಹುಡುಗಿಗೆ ನರ ಸಿಗುತ್ತಿಲ್ಲ. ಇಪ್ಪತ್ತು ವರ್ಷದ ಅನುಭವ ಇರುವವರು ಆಗ ಫೋನ್ ಹಿಡಿದು ನಿಂತಿದ್ದರೆ ತಂಡ ಅವರನ್ನು ಹೇಗೆ ನಂಬೀತು? ರೋಗಿಯ ಕೈ ಹಿಡಿಯಲೆಂದೇ ಈ ಕೆಲಸಕ್ಕೆ ಬಂದವರನ್ನು ರೋಗಿಯಿಂದಲೇ ದೂರ ಇಟ್ಟರೆ, ಅದೂ ಒಂದು ಬಗೆಯ ದಣಿವೇ.

ಇನ್ನೊಂದು ಪಕ್ಷದ ವಾದ ಇನ್ನೂ ಗಟ್ಟಿ. ರೋಗಿಗಳ ತುರ್ತನ್ನು ಬಣ್ಣಗಳಲ್ಲಿ ಗುರುತಿಸಲು ಐರ್ಲೆಂಡಿನಲ್ಲಿ ಬಳಸುವ ಮ್ಯಾಂಚೆಸ್ಟರ್ ಟ್ರಯಾಜ್ ಪದ್ಧತಿಯ ಪ್ರಕಾರ ಕಿತ್ತಳೆ ಬಣ್ಣದ ರೋಗಿಯನ್ನು 10 ನಿಮಿಷದೊಳಗೆ ವೈದ್ಯರು ನೋಡಬೇಕು, ಹಳದಿಯವರನ್ನು 60 ನಿಮಿಷದೊಳಗೆ. ಹೊರಗೆ ಕಾಯುತ್ತಿರುವ ಹಳದಿ ರೋಗಿ ಯಾವ ಗಳಿಗೆಯಲ್ಲಿ ಕಿತ್ತಳೆಯಾದ ಎಂದು ಗಮನಿಸಲು ಒಬ್ಬರಾದರೂ ಬಿಡುವಾಗಿರಬೇಕು. ಆ ಒಬ್ಬರೇ ಆರು ಟ್ರಾಲಿಗಳ ನಡುವೆ ಸಿಕ್ಕಿಕೊಂಡರೆ ಕಾಯುವ ಕೋಣೆಯನ್ನು ನೋಡುವವರಿಲ್ಲ. ಅಲ್ಲಿನ ಆರೋಗ್ಯ ಇಲಾಖೆ 2018ರಲ್ಲಿ ವಾರ್ಡುಗಳಿಗೆ ಹೊರಡಿಸಿದ ಸುರಕ್ಷಿತ ಸಿಬ್ಬಂದಿ ಮಾರ್ಗಸೂಚಿ, ವಾರ್ಡಿನ ಮುಖ್ಯ ನರ್ಸ್ ಪೂರ್ತಿಯಾಗಿ ಮೇಲ್ವಿಚಾರಣೆಗೇ ಇರಬೇಕು ಎಂದಿತು. 2022ರಲ್ಲಿ ತುರ್ತು ವಿಭಾಗಗಳಿಗೂ ಪ್ರತ್ಯೇಕ ಮಾರ್ಗಸೂಚಿ ಬಂತು.

ಲಿಮರಿಕ್ ವಿಶ್ವವಿದ್ಯಾಲಯ ಆಸ್ಪತ್ರೆಯನ್ನು ನೆನೆಯದೆ ಈ ಮಾತು ಪೂರ್ತಿಯಾಗದು. 2009ರಲ್ಲಿ ಎನ್ನಿಸ್, ನೀನಾ ಮತ್ತು ಸೇಂಟ್ ಜಾನ್ಸ್ ಆಸ್ಪತ್ರೆಗಳ 24 ಗಂಟೆಯ ತುರ್ತು ವಿಭಾಗಗಳು ನಿಂತು ಭಾರವೆಲ್ಲ ಇದರ ಮೇಲೆ ಬಿತ್ತು. 2022ರ ಡಿಸೆಂಬರಿನಲ್ಲಿ ಇಲ್ಲಿಗೆ ಬಂದ 16 ವರ್ಷದ ಹುಡುಗಿ ಸೆಪ್ಸಿಸ್‌ಗೆ ಬೇಕಾದ ಆಂಟಿಬಯೋಟಿಕ್ ಸಿಗಲು 12 ಗಂಟೆಗೂ ಹೆಚ್ಚು ಕಾದಳು, ಉಳಿಯಲಿಲ್ಲ. ಆ ಸಾವನ್ನು ತಪ್ಪಿಸಬಹುದಿತ್ತು ಎಂಬುದು ಬಹುತೇಕ ಖಚಿತ ಎಂದು ಮಾಜಿ ಮುಖ್ಯ ನ್ಯಾಯಮೂರ್ತಿ ಫ್ರಾಂಕ್ ಕ್ಲಾರ್ಕ್ 2024ರ ತಮ್ಮ ವರದಿಯಲ್ಲಿ ಬರೆದರು. ಅಷ್ಟು ಕಿಕ್ಕಿರಿದ ವಿಭಾಗದಲ್ಲಿ ಯಾವ ಸಿಸ್ಟರ್ ಎಲ್ಲಿ ನಿಂತರೂ ಸಾಲದು ಎಂಬುದನ್ನೂ ಇದರ ಜೊತೆಗೇ ಒಪ್ಪಿಕೊಳ್ಳಬೇಕು.

ನನ್ನ ನಿಲುವು ಎರಡನೆಯ ಪಕ್ಷದ ಕಡೆಗಿದೆ, ಒಂದು ಷರತ್ತಿನೊಂದಿಗೆ. ರೋಗಿಗಳ ಹಂಚಿಕೆಯಲ್ಲಿ ಇನ್‌ಚಾರ್ಜ್ ಹೆಸರು ಇರಬಾರದು. ಹೊಸಬರಿಗೆ ನರ ಹುಡುಕಿಕೊಡಲು, ಅಜ್ಜಿಯನ್ನು ಎಬ್ಬಿಸಲು ಐದು ನಿಮಿಷ ಹೋಗಿ ಮರಳುವ ಸ್ವಾತಂತ್ರ್ಯ ಮಾತ್ರ ಇರಲಿ. ಅವರನ್ನು ಹಂಚಿಕೆಯಿಂದ ಹೊರಗಿಟ್ಟು, ಆ ಜಾಗಕ್ಕೆ ಇನ್ನೊಬ್ಬ ನರ್ಸನ್ನು ಕೊಡದಿದ್ದರೆ ಭಾರ ಕೆಳಗಿನವರ ತಲೆಗೆ ಹೋಗುತ್ತದೆ. ಆ ಅಪರಾಧ ಭಾವದಲ್ಲಿ ಇನ್‌ಚಾರ್ಜ್ ಸಿಸ್ಟರ್ ಹೇಗೂ ಮತ್ತೆ ಟ್ರಾಲಿಯ ಬಳಿಗೆ ಓಡುತ್ತಾರೆ.

ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನರ್ಸಿಂಗ್ ಓದಿ ಐರ್ಲೆಂಡಿನಲ್ಲಿ ಈ ಹುದ್ದೆಗೆ ಏರುತ್ತಿರುವವರಲ್ಲಿ ಒಂದು ವಿನಂತಿ. ಎಷ್ಟು ಜನ ಕಡಿಮೆ ಇದ್ದರು, ಯಾವ ಹೊತ್ತಿಗೆ ಯಾರಿಗೆ ಫೋನ್ ಮಾಡಿದಿರಿ, ಏನು ಉತ್ತರ ಬಂತು ಎಂಬುದನ್ನು ಅದೇ ಶಿಫ್ಟಿನಲ್ಲಿ ಬರೆದಿಡಿ. ತಂಡವನ್ನು ಊಟಕ್ಕೆ ಕಳಿಸುವಾಗ ನಿಮ್ಮ ಸರದಿಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಿ.