ಹೊಗೆಯಿಲ್ಲದ ಕಾರಿನ ಸುಳ್ಳು ಲೆಕ್ಕ

ವಿದ್ಯುತ್ ಕಾರಿಗೆ ಹೊಗೆಯೇ ಇಲ್ಲವೆಂದು ಜಾಹೀರಾತುಗಳು ಸಾರುತ್ತಿವೆ. ಅಸಲನ್ನು ಮುಚ್ಚಿಟ್ಟು ಸಾಗಣೆ ಖರ್ಚನ್ನಷ್ಟೇ ತೋರಿಸುವ ವರ್ತಕನನ್ನು ನಮ್ಮ ಪೇಟೆಯಲ್ಲಿ ಯಾರಾದರೂ ನಂಬಿಯಾರೇ? ಕಾರೊಂದಕ್ಕೆ ಸುಮಾರು 900 ಕಿಲೋ ಉಕ್ಕು ಬೇಕು. ಊದುಕುಲುಮೆಯ ಮಾರ್ಗದಲ್ಲಿ ಟನ್ ಉಕ್ಕಿಗೆ ಸುಮಾರು 2 ಟನ್ ಇಂಗಾಲಾಮ್ಲ ಅನಿಲ ಹೊರಬೀಳುತ್ತದೆ. ಅದಿರಿಗೆ ಸಂಡೂರಿನ ಗುಡ್ಡ ಕರಗುತ್ತದೆ, ಉಕ್ಕಿಗೆ ತೋರಣಗಲ್ಲಿನ ಕುಲುಮೆ ಉರಿಯುತ್ತದೆ, ವಿದ್ಯುತ್ತಿಗೆ ಕುಡತಿನಿಯಲ್ಲಿ ಕಲ್ಲಿದ್ದಲು ಸುಡುತ್ತದೆ. ಪೆಟ್ರೋಲ್ ಕಾರಿಗಿಂತ ಇದರ ಒಟ್ಟು ಹೊಗೆ ಕಡಿಮೆಯೆಂಬುದನ್ನು ನಾವು ಒಪ್ಪುತ್ತೇವೆ. ಇಲ್ಲವೇ ಇಲ್ಲವೆಂಬುದು ಶುದ್ಧ ಸುಳ್ಳು. 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಬೇಕಾಯಿತಲ್ಲ, ಆ ಕೆಂಧೂಳು ಯಾವ ಕಾರಿನ ಖಾತೆಗೆ ಬಿತ್ತು? ಗಣಿಯಿಂದ ಗುಜರಿಯವರೆಗಿನ ಪೂರ್ತಿ ಲೆಕ್ಕವನ್ನು ಪ್ರತಿ ಕಾರಿನ ಮೇಲೂ ಅಚ್ಚು ಹಾಕಿಸಬೇಕೆಂಬುದು ನಮ್ಮ ಬೇಡಿಕೆ. ಕಾರಿಗೆ ತೆರಿಗೆ ಇಳಿಸಿಕೊಟ್ಟ ಸರಕಾರ ಸಿರುಗುಪ್ಪ, ಕುರುಗೋಡುಗಳಿಗೆ ಬಸ್ಸು ಹೆಚ್ಚಿಸಲಿ. ಒಂದು ಬಸ್ಸಿನ ಉಕ್ಕಿನ ಮೇಲೆ ಐವತ್ತು ಮಂದಿ ಕೂರುತ್ತಾರೆ.